ಮೂರು ಬೆರಳು ಬಾಯಿಗೆ ಹೋಗುತ್ತಾ? ಅಡಿಕೆ ಸೀಮೆಯಲ್ಲಿ ನಾನು ಮಾಡಿದ ಉಪನ್ಯಾಸ

ನಾನು ದಂತವೈದ್ಯ. ಆದರೆ ಹಲ್ಲು ಕೀಳುವುದಕ್ಕಿಂತ, ಜನ ಬಾಯಿಗೆ ಏನು ಹಾಕಿಕೊಳ್ಳುತ್ತಾರೆ, ಬಿಡಬೇಕು ಅಂತ ಗೊತ್ತಿದ್ದೂ ಯಾಕೆ ಬಿಡುವುದಿಲ್ಲ ಅಂತ ನೋಡುವುದೇ ನನ್ನ ಕೆಲಸ. ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಹಳ್ಳಿಗಳಲ್ಲಿ ಸರ್ವೆ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ವಿಶ್ವವಿದ್ಯಾಲಯದವರು ಸಾರ್ವಜನಿಕ ಉಪನ್ಯಾಸಕ್ಕೆ ಕರೆದರು. ಬಾಯಿ ಕ್ಯಾನ್ಸರ್ ಬಗ್ಗೆ ಊರಿನವರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಮಾತಾಡಿ ಅಂದರು. ನನಗೆ ತುಂಬಾ ಖುಷಿಯಾಯಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯಲ್ಲಿ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ ಹೇಳುತ್ತಿದ್ದರು. ಆ ಮಾತುಗಳು ಪುಟ್ಟ ಪುಸ್ತಕಗಳಾಗಿಯೂ ಬಂದವು. ಆ ಸಾಲಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು ಅನ್ನಿಸಿತು.

ಆ ಮೊದಲ ಉಪನ್ಯಾಸ ಸೋತಿತು. ಯಾಕೆ ಸೋತಿತು ಅಂತ ಮೊದಲು ಹೇಳುತ್ತೇನೆ.

ಸ್ಲೈಡು ಜಾಸ್ತಿ ಇದ್ದವು. ದೇಶದಲ್ಲಿ ಹದಿನೈದು ದಾಟಿದವರಲ್ಲಿ 21.4 ಶೇಕಡಾ ಜನ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ ಅನ್ನುವ 2016-17ರ ಸಮೀಕ್ಷೆಯ ಅಂಕಿ ಹೇಳಿದೆ. ಕೊಳೆತ ಕೆನ್ನೆಯ ಫೋಟೋ ತೋರಿಸಿದೆ. ಜನ ತಲೆ ತಗ್ಗಿಸಿದರು. ಪ್ರಶ್ನೆ ಕೇಳಿ ಅಂದಾಗ ಎರಡನೇ ಸಾಲಿನ ಹಿರಿಯರೊಬ್ಬರು ಎದ್ದರು. ‘ಡಾಕ್ಟ್ರೇ, ಹಂಗಾದ್ರೆ ತೋಟ ಕಡೀಬೇಕು ಅಂತೀರಾ?’ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ಹೇಳಿದೆ ಅಂತ ಉತ್ತರ ಕೊಟ್ಟೆ. ಅವರು ಕೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಹಿಂದೆಯೇ ಇನ್ನೂ ಕೆಲವರು ಹೋದರು.

ಕೊನೆಗೆ ನನಗೆ ಕೊಟ್ಟ ಸನ್ಮಾನದ ತಟ್ಟೆಯಲ್ಲಿ ಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ ಇದ್ದವು. ಇರಲೇಬೇಕಲ್ವಾ, ಅದಿಲ್ಲದೆ ಮರ್ಯಾದೆ ಹೇಗೆ ಆಗುತ್ತದೆ? ಅರ್ಧ ಗಂಟೆಯಿಂದ ನಾನು ‘ಚಟ’ ಅನ್ನುತ್ತಿದ್ದ ವಸ್ತುವನ್ನೇ ಈ ಊರು ಕೈಜೋಡಿಸಿ ನನಗೆ ಕೊಟ್ಟಿತ್ತು.

ಮನೆಗೆ ಬಂದು ಹಳೆಯ ಪಾಠಕ್ಕೆ ವಾಪಸ್ ಹೋದೆ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಕ್ಷಯ ಪತ್ತೆಗೆ ಎದೆಯ ಎಕ್ಸ್‌ರೇಯನ್ನು ಪುಕ್ಕಟೆ ಮಾಡಿತ್ತು. ಎಕ್ಸ್‌ರೇ ಗಾಡಿ ಮನೆ ಹತ್ತಿರವೇ ಬರುತ್ತಿತ್ತು. ಆದರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆ ಅಂತ ಗಾಡ್‌ಫ್ರೆ ಹಾಕ್‌ಬಾಮ್ ಅನ್ನುವ ಮನೋವಿಜ್ಞಾನಿ ವಿಚಾರಿಸಿದರು. ನನಗೂ ಈ ರೋಗ ಬರಬಹುದು ಅನ್ನುವುದು ಒಂದು ನಂಬಿಕೆ. ಏನೂ ನೋವಿಲ್ಲದಾಗಲೇ ಕಂಡುಹಿಡಿದರೆ ಪ್ರಯೋಜನ ಇದೆ ಅನ್ನುವುದು ಇನ್ನೊಂದು. ಎರಡೂ ಇದ್ದವರಲ್ಲಿ 82 ಶೇಕಡಾ ಜನ ಎಕ್ಸ್‌ರೇ ಮಾಡಿಸಿದ್ದರು. ಎರಡೂ ಇಲ್ಲದವರಲ್ಲಿ 21 ಶೇಕಡಾ ಅಷ್ಟೇ. ನಾನು ಇದನ್ನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನನ್ನ ಸ್ವಂತ ಉಪನ್ಯಾಸದಲ್ಲಿ ಎರಡಕ್ಕೂ ಏನೂ ಮಾಡಿರಲಿಲ್ಲ. ಪರದೆಯ ಮೇಲಿನ ಆ ಕೆನ್ನೆ ಯಾರದೋ. ಅದನ್ನು ನೋಡಿದವನು ತನ್ನ ಕೆನ್ನೆ ಮುಟ್ಟಿಕೊಂಡು ನೋಡುವುದಿಲ್ಲ.

ಎರಡನೇ ಸಲ ಒಪ್ಪಿಕೊಳ್ಳುವ ಮೊದಲು ಎರಡು ಸಂಜೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ಬಂದೆ. ಅಡಿಕೆ ಗೊನೆ ಇಳಿಸುವ ಕಾಲ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿದ್ದರು. ಕಾಯಿ ಕತ್ತಿಗೆ ತಾಗುವ ‘ಚಕ್ ಚಕ್’ ಸದ್ದು ಬಿಟ್ಟರೆ ಮಾತು ಕಡಿಮೆ. ಬೆರಳ ತುದಿಯೆಲ್ಲ ಅಡಿಕೆ ಕಲೆಗೆ ಕಪ್ಪಾಗಿತ್ತು. ಸುಲಿದಷ್ಟಕ್ಕೆ ಕೂಲಿ, ಹಾಗಾಗಿ ರಾತ್ರಿ ತಡವಾಗಿಯೇ ಕೆಲಸ ಬಿಟ್ಟು ಏಳುತ್ತಾರೆ. ‘ಬಾಯಲ್ಲಿ ಕವಳ ಇಲ್ದಿದ್ರೆ ತೂಕಡಿಕೆ ಬರ್ತದೆ, ಕೈ ಕತ್ತಿಗೆ ಕೊಟ್ಕಂಡ್ಬಿಡ್ತೀವಿ’ ಅಂದರು ಒಬ್ಬರು. ಕವಳ ಅಂದರೆ ಜಗಿಯುವ ಎಲೆ ಅಡಿಕೆ. ಆ ಒಂದು ಮಾತು ನನ್ನ ಉಪನ್ಯಾಸದ ಅರ್ಧ ಭಾಗವನ್ನು ಬದಲಾಯಿಸಿತು. ಅವರಿಗೆ ಕವಳ ಅಂದರೆ ಎಚ್ಚರ. ಅದಕ್ಕೆ ಬದಲಿ ಏನು ಅಂತ ಹೇಳದೆ ‘ಬಿಡಿ’ ಅಂದರೆ ಅದು ಬರೀ ಮಾತಾಗುತ್ತದೆ.

ಎರಡನೇ ಉಪನ್ಯಾಸವನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಂಡೆವು. ಸ್ಲೈಡು ಆರೇ ಆರು. ಶುರುವಿನಲ್ಲೇ ತೋಟದ ಪ್ರಶ್ನೆಯನ್ನು ನಾನೇ ಎತ್ತಿದೆ. ‘ದೇಶದಲ್ಲೇ ಜಾಸ್ತಿ ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ಈ ಸಭಾಂಗಣದಲ್ಲಿ ಅಡಿಕೆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದವರು ಇದ್ದೀರಿ. ತೋಟ ಏನು ಮಾಡಬೇಕು ಅಂತ ಹೇಳುವ ತಿಳಿವಳಿಕೆ ನನಗಿಲ್ಲ. ಬಾಯಿಯ ಬಗ್ಗೆ ಮಾತ್ರ ನನಗೆ ಗೊತ್ತು, ಅದನ್ನು ಮುಚ್ಚಿಡದೆ ಹೇಳುತ್ತೇನೆ’ ಅಂದೆ. ಮುಚ್ಚಿಡದೆ ಹೇಳುವುದು ಮುಖ್ಯ. 1985ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಅಂದಿತ್ತು. ಹೊಗೆಸೊಪ್ಪು ಇಲ್ಲದ್ದರ ಬಗ್ಗೆ ಆಗ ಪುರಾವೆ ಸಾಲದಾಗಿತ್ತು. 2004ರ ಹೊತ್ತಿಗೆ ಸಾಕಷ್ಟು ಪುರಾವೆ ಬಂತು. ‘ನಾನು ಹೊಗೆಸೊಪ್ಪು ಹಾಕಲ್ಲ, ನಂಗೇನೂ ಆಗಲ್ಲ’ ಅನ್ನುವವರು ನಮ್ಮ ಕಡೆ ತುಂಬಾ ಇದ್ದಾರೆ. ಈ ಮಾತು ಮುಖ್ಯವಾಗಿ ಅವರಿಗೆ.

ಆಮೇಲೆ ಎಲ್ಲರ ಹತ್ತಿರ ಒಂದು ಕೆಲಸ ಮಾಡಿಸಿದೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಮೂರನ್ನೂ ಒಟ್ಟಿಗೆ ಸೇರಿಸಿ. ಕೈಯನ್ನು ಅಡ್ಡ ಹಿಡಿದು, ಬೆರಳು ಒಂದರ ಮೇಲೊಂದು ಬರುವ ಹಾಗೆ ಮಾಡಿ. ಬಾಯಿ ಪೂರ್ತಿ ತೆರೆದು ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಇಡಿ. ಆರೋಗ್ಯವಾಗಿರುವ ದೊಡ್ಡವರ ಬಾಯಲ್ಲಿ ಸಾಮಾನ್ಯವಾಗಿ ಮೂರೂ ಹಿಡಿಯುತ್ತವೆ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಅದು ಕೆನ್ನೆಯ ಒಳಪದರದಲ್ಲಿ ನಾರು ಜಾಸ್ತಿ ಕಟ್ಟುವ ಹಾಗೆ ಮಾಡುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆ ಬಿಳಿಚಿಕೊಂಡು ಬಿರುಸಾಗುತ್ತದೆ. ಬೆರಳಿನಿಂದ ಮುಟ್ಟಿದರೆ ಒಳಗೆ ಹುರಿಯ ಹಾಗೆ ಗಟ್ಟಿ ಸಿಗುತ್ತದೆ. ಬಾಯಿ ತೆರೆಯುವುದು ಕಮ್ಮಿಯಾಗುತ್ತಾ ಹೋಗುತ್ತದೆ. ಕಟ್ಟಿದ ನಾರು ಅಡಿಕೆ ಬಿಟ್ಟ ಮೇಲೂ ಪೂರ್ತಿ ಕರಗುವುದಿಲ್ಲ. ಈ ಸ್ಥಿತಿ ಇದ್ದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

ಸಭಾಂಗಣ ಪೂರ್ತಿ ಬಾಯಲ್ಲಿ ಕೈ ಇಟ್ಟುಕೊಂಡಿತು. ಪಕ್ಕದವರನ್ನು ನೋಡಿ ನಕ್ಕರು. ಆ ನಗುವಿನ ನಡುವೆ ನಾಲ್ಕನೇ ಸಾಲಿನ ಹುಡುಗನೊಬ್ಬ ನಗಲಿಲ್ಲ. ಇನ್ನೊಂದು ಸಲ ಪ್ರಯತ್ನ ಮಾಡಿದ. ಎರಡು ಬೆರಳಿಗೆ ನಿಂತಿತು. ಕೈ ಇಳಿಸಿ ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ನಾನು ಅವನ ಕಡೆ ನೋಡಿದೆ ಅಂತ ಗೊತ್ತಾಗದ ಹಾಗೆ ಮಾತು ಮುಂದುವರಿಸಿದೆ.

ಇದನ್ನು ಮಾಡಿಸುವವರಿಗೆ ಒಂದು ಮಾತು: ತಪಾಸಣೆಗೆ ಜಾಗ ಇಲ್ಲದಿದ್ದರೆ ಮಾಡಿಸಬೇಡಿ. ಭಯ ಹುಟ್ಟಿಸಿ ಮನೆಗೆ ಕಳಿಸುವುದು ಅನ್ಯಾಯ. ನಾವು ವೇದಿಕೆ ಪಕ್ಕದ ಕೋಣೆಯಲ್ಲಿ ಪರದೆ ಕಟ್ಟಿ, ಟಾರ್ಚು, ಬಾಯಿ ಕನ್ನಡಿ, ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಇಟ್ಟಿದ್ದೆವು. ಟಾರ್ಚು ಸಣ್ಣ ಸಾಧನ ಅಂತ ತಿಳಿಯಬೇಡಿ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಿಂದ ದೊಡ್ಡ ಅಧ್ಯಯನ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಶೇಕಡಾ ಕಮ್ಮಿಯಾಗಿದ್ದು 2005ರಲ್ಲಿ ಪ್ರಕಟವಾಯಿತು. ಬರೀ ಕಣ್ಣು ಮತ್ತು ಬೆಳಕಿನಿಂದ!

ಆ ಹುಡುಗ ಕೊನೆಯಲ್ಲಿ ಪರದೆ ಹಿಂದೆ ಬಂದ. ಪಿಯುಸಿಯಿಂದ ಪ್ಯಾಕೆಟ್ ತಿನ್ನುತ್ತಿದ್ದಾನೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಕೈಯಲ್ಲಿ ಸೇರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ‘ಅಪ್ಪ ತೋಟದೋರು ಸಾರ್, ಅವ್ರೇ ಇದನ್ನ ಮುಟ್ಟಲ್ಲ’ ಅಂದ. ಅವತ್ತೇ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.

ಉಪನ್ಯಾಸದ ಕೊನೆಯ ಹತ್ತು ನಿಮಿಷ ಮಾತಾಡಲಿಲ್ಲ. ಪ್ರತಿಯೊಬ್ಬರಿಗೂ ಒಂದು ರಟ್ಟಿನ ಕಾರ್ಡು ಕೊಟ್ಟೆವು. ಅದರಲ್ಲಿ ಎರಡೇ ಸಾಲು. ‘ನನಗೆ ಬೇಕು ಅನ್ನಿಸುವುದು ಯಾವಾಗ?’ ‘ಆಗ ನಾನು ಏನು ಮಾಡುತ್ತೇನೆ?’ ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಈ ರೀತಿಯ ‘ಹೀಗಾದರೆ ಹಾಗೆ ಮಾಡುತ್ತೇನೆ’ ಯೋಜನೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ‘ಬಿಡುತ್ತೇನೆ’ ಅನ್ನುವ ಬರೀ ಸಂಕಲ್ಪಕ್ಕಿಂತ ಇದು ಜಾಸ್ತಿ ನಡೆಯುತ್ತದೆ. ಬರೆಯಲು ಬಾರದವರಿಗೆ ವಿದ್ಯಾರ್ಥಿಗಳು ಬರೆದುಕೊಟ್ಟರು. ಒಬ್ಬ ಅಜ್ಜಿಯ ಕಾರ್ಡು ನನಗೆ ನೆನಪಿದೆ: ‘ಊಟ ಆದ್ಮೇಲೆ. ಏಲಕ್ಕಿ ಬಾಯಿಗೆ ಹಾಕಿ ಹಸುಗೆ ಹುಲ್ಲು ಹಾಕಕ್ಕೆ ಹೋಗ್ತೀನಿ.’ ಇಷ್ಟು ಚೆನ್ನಾದ ಯೋಜನೆಯನ್ನು ನಾನು ಬರೆದುಕೊಡಲು ಆಗುತ್ತಿರಲಿಲ್ಲ. ಕಾರ್ಡಿನ ಹಿಂದೆ, ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಕ್ವಿಟ್‌ಲೈನ್ ನಂಬರ್ ಅಚ್ಚು ಹಾಕಿಸಿದ್ದೆವು: 1800-11-2356, ಪುಕ್ಕಟೆ.

ಒಂದು ತಿಂಗಳು ಬಿಟ್ಟು ವಿದ್ಯಾರ್ಥಿಗಳು ಫೋನ್ ಮಾಡಿದರು. ಎಲ್ಲರೂ ಸಿಗಲಿಲ್ಲ. ಸಿಕ್ಕವರಲ್ಲಿ ಕೆಲವರು ಬಿಟ್ಟಿದ್ದೇನೆ ಅಂದರು, ಜಾಸ್ತಿ ಜನ ಕಮ್ಮಿ ಮಾಡಿದ್ದೇನೆ ಅಂದರು. ಇದನ್ನು ನಾನು ಫಲಿತಾಂಶ ಅಂತ ಎಲ್ಲೂ ಬರೆದಿಲ್ಲ. ಡಾಕ್ಟರ ಕಡೆಯಿಂದ ಫೋನ್ ಬಂದರೆ ಜನ ಒಳ್ಳೆಯ ಉತ್ತರ ಕೊಡುತ್ತಾರೆ. ಹೋಲಿಸಿ ನೋಡಲು ಉಪನ್ಯಾಸ ಕೇಳದ ಇನ್ನೊಂದು ಊರೂ ಇರಲಿಲ್ಲ. ಆದರೆ ಒಂದು ಉಪನ್ಯಾಸಕ್ಕೆ ಎಲ್ಲವನ್ನೂ ಮಾಡುವ ಶಕ್ತಿ ಇಲ್ಲ ಅಂತ ನನಗೆ ಗೊತ್ತು. ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಜಿಲ್ಲೆಗಳಲ್ಲಿ 36,000 ತಂಬಾಕು ಬಳಕೆದಾರರ ಜೊತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೆಲಸ ಮಾಡಿದಾಗ, ವರ್ಷ ವರ್ಷವೂ ಬಾಯಿ ನೋಡಿ ಒಬ್ಬೊಬ್ಬರ ಜೊತೆ ಮಾತಾಡಿದ್ದರು. ಹಾಗೆ ಮತ್ತೆ ಮತ್ತೆ ಹೋದಲ್ಲಿ ಬಿಟ್ಟವರು ಜಾಸ್ತಿ.

ಅದಕ್ಕೇ ಮುಂದಿನದನ್ನು ಸಭಾಂಗಣದಲ್ಲಿ ಇಟ್ಟಿಲ್ಲ. ಬರುವ ಸುಗ್ಗಿಯಲ್ಲಿ ಸುಲಿಯುವ ಚಪ್ಪರಕ್ಕೇ ಹೋಗುತ್ತೇವೆ, ಮೂರು ಸಲ. ಮಾತು ಹದಿನೈದು ನಿಮಿಷ, ಉಳಿದ ಹೊತ್ತು ಟಾರ್ಚು. ರಾತ್ರಿ ತೂಕಡಿಕೆಗೆ ಏನು ಮಾಡುವುದು ಅಂತ ಆ ಹೆಂಗಸರನ್ನೇ ಕೇಳಿದ್ದೇವೆ. ಒಂಬತ್ತು ಗಂಟೆಗೊಂದು ಶುಂಠಿ ಕಷಾಯ, ಹತ್ತೂವರೆಗೆ ಇನ್ನೊಂದು ಅಂದಿದ್ದಾರೆ. ಕಷಾಯದ ಖರ್ಚು ತೋಟದವರದ್ದು ಅಂತ ಒಬ್ಬರು ಒಪ್ಪಿದ್ದಾರೆ. ಮೊದಲ ಸಲ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದುಹೋದ ಹಿರಿಯರೇ ಅವರು.