ವಯಸ್ಸು ಕೇಳಬೇಡಿ, ಯಾವ ಕ್ಲಾಸಿಗೆ ಶಾಲೆ ಬಿಟ್ಟೆ ಅಂತ ಕೇಳಿ

ಬೈಕ್ ಕಳವಿನ ಕೇಸಿನಲ್ಲಿ ನಾಲ್ವರನ್ನು ಹಿಡಿದಿದ್ದರು. ಒಬ್ಬನಿಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಆದರೂ ರಿಮಾಂಡ್ ಅರ್ಜಿಯಲ್ಲಿ ಅವನ ವಯಸ್ಸು 19. ನಾನು ವಕಾಲತ್ತು ಹಾಕುವ ಹೊತ್ತಿಗೆ ಹುಡುಗ ದೊಡ್ಡವರ ಜೈಲಿನಲ್ಲಿ 11 ದಿನ ಕಳೆದಿದ್ದ.

"ಎಷ್ಟಪ್ಪಾ ನಿನ್ನ ವಯಸ್ಸು?" ಅಂದೆ. "ಹತ್ತೊಂಬತ್ತು ಮೇಡಂ." ಸ್ಟೇಷನ್ನಿನಲ್ಲಿ ಬರೆದುಕೊಂಡದ್ದನ್ನೇ ಅವನೂ ಹೇಳುತ್ತಿದ್ದ. "ಶಾಲೆ ಯಾವಾಗ ಬಿಟ್ಟೆ?" "ಒಂಬತ್ತನೇ ಕ್ಲಾಸಿಗೆ, ಎರಡು ವರ್ಷ ಆಯ್ತು." ಲೆಕ್ಕ ಹಾಕಿದರೆ ಹದಿನೇಳರ ಆಸುಪಾಸು ಅಲ್ವಾ? ಅವತ್ತಿನಿಂದ ನಾನು ಮೊದಲು ಕೇಳೋದು ಕ್ಲಾಸನ್ನೇ.

ತಾಯಿ ಆಧಾರ್ ಕಾರ್ಡ್ ಹಿಡಿದು ಓಡಿ ಬಂದರು. ಅದು ಸಾಲದು ಅಮ್ಮಾ ಅಂದೆ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಒಂದು ಕ್ರಮ ಹೇಳುತ್ತದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೂಳೆ ಪರೀಕ್ಷೆಗೆ ಸುಮ್ನೆ ಆತುರಪಡಬೇಡಿ, ಅದರಲ್ಲಿ ಒಂದೆರಡು ವರ್ಷ ಹೆಚ್ಚುಕಮ್ಮಿ ಆಗುತ್ತದೆ. ನಮ್ಮ ಹುಡುಗನಿಗೆ ಆ ಒಂದೆರಡು ವರ್ಷವೇ ಎಲ್ಲವೂ ಆಗಿತ್ತು.

ಒಂದನೇ ಕ್ಲಾಸಿನ ದಾಖಲಾತಿ ಪುಸ್ತಕ ಸಿಕ್ಕಿತು. ಅಂಚು ಗೆದ್ದಲು ತಿಂದ ಪುಟ, ನೀಲಿ ಶಾಯಿ, ಹೆಸರಿನ ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟು. ಕಳವು ನಡೆದ ದಿನಕ್ಕೆ ಅವನಿಗೆ 17 ವರ್ಷ 4 ತಿಂಗಳು. ಲೆಕ್ಕಕ್ಕೆ ಬರೋದು ಆ ದಿನದ ವಯಸ್ಸೇ, ಹಿಡಿದ ದಿನದ್ದಲ್ಲ.

ಕಳವಿನ ದಿನ ಅವನಿನ್ನೂ 18 ತುಂಬದ ಬಾಲಕ ಅಂತ ಅದೇ ಕಾಯ್ದೆಯ 9ನೇ ಸೆಕ್ಷನ್ನಿನಡಿ ಅರ್ಜಿ ಹಾಕಿದೆ. ಈ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ಕೊನೆಯ ತೀರ್ಪು ಬಂದ ಮೇಲೂ. ಕೋರ್ಟು ಒಪ್ಪಿ ಅವನ ಕೇಸನ್ನು ಬಾಲ ನ್ಯಾಯ ಮಂಡಳಿಗೆ ಕಳಿಸಿತು. ಉಳಿದ ಮೂವರ ಜೊತೆ ಅವನನ್ನು ಒಟ್ಟಿಗೆ ವಿಚಾರಣೆ ಮಾಡುವಂತೆಯೇ ಇಲ್ಲ.

ಅಲ್ಲಿ ಕಟಕಟೆ ಇಲ್ಲ, ಎತ್ತರದ ಪೀಠವೂ ಇಲ್ಲ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಎದುರಿಗೆ ಹುಡುಗ, ಪಕ್ಕದಲ್ಲಿ ತಾಯಿ. ಮನೆಯಲ್ಲಿ ಯಾರು ದುಡಿಯುತ್ತಾರೆ, ಶಾಲೆ ಯಾಕೆ ಬಿಟ್ಟೆ ಅಂತ ಕೇಳಿದಾಗ ಅವನು ಮೊದಲ ಸಲ ತಲೆ ಎತ್ತಿ ಮಾತಾಡಿದ. ಜಾಮೀನಂತೂ ಇಲ್ಲಿ ಹಕ್ಕಿಗೆ ಹತ್ತಿರ. ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಅಥವಾ ನ್ಯಾಯಕ್ಕೇ ಅಡ್ಡಿ ಅಂತ ಅನಿಸಿದರೆ ಮಾತ್ರ ತಡೆಯಬಹುದು, ಅದಕ್ಕೂ ಕಾರಣ ಬರೆಯಬೇಕು. ಅವತ್ತೇ ತಾಯಿಯ ಜೊತೆ ಕಳಿಸಿದರು.

ಆ 11 ದಿನದ್ದು ನನಗೆ ಈಗಲೂ ಹೊಟ್ಟೆಯುರಿ. ಮಕ್ಕಳನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ ಅಂತ ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಇದೆ, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಮೊದಲ ದಿನ ಯಾರಾದರೂ ಒಬ್ಬರು ಶಾಲೆಗೊಂದು ಫೋನ್ ಮಾಡಿದ್ದರೆ ಸಾಕಿತ್ತು.

ಹೋದ ತಿಂಗಳು ತಾಯಿ ಫೋನ್ ಮಾಡಿದ್ದರು. "ಮೇಡಂ, ಕೆಲಸಕ್ಕೆ ಅರ್ಜಿ ಹಾಕ್ತಿದಾನೆ, ಆ ಕೇಸು ಅಡ್ಡ ಬರುತ್ತಾ?" ಇಲ್ಲ ಅಮ್ಮಾ, 24ನೇ ಸೆಕ್ಷನ್ ಇದೆ, ಆ ಕಾರಣಕ್ಕೆ ಅವನನ್ನು ಅನರ್ಹ ಅನ್ನುವಂತಿಲ್ಲ ಅಂದೆ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಕಳಿಸಿದೆ.