ಕರಿನೀರಿಗೆ ಹೋದ ಮುತ್ತಜ್ಜನ್ನ ದಾಖಲೆಗಳಲ್ಲಿ ಹುಡುಕೋದು ಹೇಗೆ

ಮನೆ ಹಿರಿಯರು "ಮುತ್ತಜ್ಜನ್ನ ಕರಿನೀರಿಗೆ ಕಳ್ಸಿದ್ರಂತೆ", ಅಂದ್ರೆ ಸಮುದ್ರದಾಚೆ ಗಡೀಪಾರು ಮಾಡಿದ್ರಂತೆ, ಅಂದ ತಕ್ಷಣ ಎಲ್ರೂ ಅಂಡಮಾನಿನ ಸೆಲ್ಯುಲಾರ್ ಜೈಲಿನ ಲಿಸ್ಟ್ ಹುಡುಕೋಕೆ ಕೂರ್ತಾರೆ, ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಆ ಜೈಲು ಕಟ್ಟಿ ಮುಗಿದಿದ್ದೇ 1906ರಲ್ಲಿ. ಅಂಡಮಾನಿಗೆ ಕೈದಿಗಳನ್ನ ಸತತವಾಗಿ ಸಾಗಿಸೋಕೆ ಶುರುವಾಗಿದ್ದು 1858ರ ಮಾರ್ಚಲ್ಲಿ, ಅದಕ್ಕೂ ಮುಂಚೆ ಪೆನಾಂಗ್, ಸಿಂಗಾಪುರ, ಮಾರಿಷಸ್, ಬರ್ಮಾ ಅಂತ ಕಳಿಸ್ತಿದ್ರು, ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯವರಲ್ಲಿ ಕೆಲವರು ಹೋಗಿದ್ದು ಸಿಂಗಾಪುರಕ್ಕೆ. ಅದಕ್ಕೇ ಮೊದಲು ಇಸವಿ ಬೇಕು.

ನಮ್ಮ ಮನೇಲಿ ನಿಜ ಮುಚ್ಚಿಟ್ಟು "ಕಾಶಿಗೆ ಹೋದವ್ರು ತಿರುಗಿ ಬರ್ಲಿಲ್ಲ" ಅಂತಾನೇ ಹೇಳ್ತಿದ್ರು, ಅಜ್ಜಿ ಒಂದೇ ಒಂದು ಸಲ ಹೊಲದ ಬದುವಿನ ಜಗಳ, ಕೊಲೆ ಕೇಸು ಅಂತ ಬಾಯಿ ಬಿಟ್ರು. ಇಂಥ ಮಾತನ್ನ ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಬರ್ಕೊಳ್ಳಿ. ಉತ್ತರ ಕರ್ನಾಟಕದವರಾದ್ರೆ ಸುಗ್ಗಿ ಮುಗಿದ ಮೇಲೆ ವಂಶಾವಳಿ ಹೇಳೋಕೆ ಬರೋ ಹೆಳವರನ್ನ ಬಿಡ್ಬೇಡಿ, ಆ ಅಜ್ಜನ ಅಪ್ಪನ ಹೆಸರು, ಅಣ್ಣತಮ್ಮಂದಿರ ಹೆಸರು ಕೇಳಿ. ಆಮೇಲೆ ತಲೆಮಾರಿಗೆ 25 ವರ್ಷ ಹಿಡಿದು ಲೆಕ್ಕ ಹಾಕಿದ್ರೆ ಅಂದಾಜು ಕಾಲ ಸಿಗುತ್ತೆ.

ಈಗ ಮುಖ್ಯ ಕೆಲಸ. ಶಿಕ್ಷೆ ಕೊಟ್ಟ ಕೋರ್ಟ್ ಯಾವ ಸರ್ಕಾರದ ಕೈಕೆಳಗಿತ್ತು ಅಂತ ನೋಡಿ, ಕಾಗದ ಅಲ್ಲಿರುತ್ತೆ. ಧಾರವಾಡ, ಬೆಳಗಾವಿ, ವಿಜಯಪುರ ಅಂದ್ರೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ದಕ್ಷಿಣ ಕನ್ನಡ, ಬಳ್ಳಾರಿ ಆದ್ರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಹಳೇ ಮೈಸೂರಿನವ್ರು ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರ ನೋಡಿ. ಉತ್ತರ ಕನ್ನಡದವ್ರು ಹುಷಾರು, 1862ರವರೆಗೆ ಮದ್ರಾಸು, ಆಮೇಲೆ ಮುಂಬಯಿ. ಎರಡೂ ಕಡೆ ಕೇಳ್ಬೇಕಾಗೋದು ಜುಡಿಷಿಯಲ್ ಡಿಪಾರ್ಟ್ಮೆಂಟಿನ ವಾಲ್ಯೂಮ್‌ಗಳನ್ನ.

ಮನೇಲಿ ಕೂತು ಮಾಡೋದಾದ್ರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಪೋರ್ಟಲ್‌ನಲ್ಲಿ ಫ್ರೀ ಅಕೌಂಟ್ ಮಾಡ್ಕೊಂಡು ಹೋಮ್ ಡಿಪಾರ್ಟ್ಮೆಂಟ್, ಪೋರ್ಟ್ ಬ್ಲೇರ್ ಅಂತ ಹುಡುಕಿ. ಅಂಡಮಾನಿನಲ್ಲೇ ಇದ್ದ ಬಹಳಷ್ಟು ಕಾಗದ 1942ರಿಂದ 45ರ ಜಪಾನೀಯರ ಕಾಲದಲ್ಲಿ ನಾಶ ಆಗಿದೆ, ಹಾಗಾಗಿ ಈ ಕಡೆಯ ಕಡತಗಳೇ ಗತಿ.

ಜನ ಸೋಲೋದು ಸ್ಪೆಲ್ಲಿಂಗಲ್ಲಿ. ಬಸಪ್ಪ ಅನ್ನೋ ಹೆಸರನ್ನ ಇಂಗ್ಲಿಷ್ ಗುಮಾಸ್ತ ಬುಸಾಪಾ ಅಂತ ಬರೆದಿರ್ತಾನೆ, ಧಾರವಾಡ ಧಾರ್ವಾರ್ ಆಗಿರುತ್ತೆ, ಕೆನರಾ (ದಕ್ಷಿಣ, ಉತ್ತರ ಕನ್ನಡ) ಒಂದ್ಕಡೆ ಸಿ ಅಕ್ಷರದಿಂದ ಇನ್ನೊಂದ್ಕಡೆ ಕೆ ಇಂದ ಶುರುವಾಗುತ್ತೆ. ಅದಕ್ಕೆ ಕಿವಿಗೆ ಹೇಗೆ ಕೇಳುತ್ತೋ ಹಾಗೆ ನಾಲ್ಕೈದು ಥರ ಟೈಪ್ ಮಾಡಿ, "ಬಸಪ್ಪ ಬಿನ್ ನಿಂಗಪ್ಪ" ಅಂತ ನಮ್ಮ ಹಳೇ ಜಮೀನು ಪತ್ರಗಳಲ್ಲಿ ಇರೋ ಹಾಗೇ ಅಲ್ಲೂ ಬಿನ್ ಹಾಕಿರ್ತಾರೆ, ಅಪ್ಪನ ಹೆಸರಿಂದಾನೇ ನಮ್ಮವ್ರಾ ಬೇರೆಯವ್ರಾ ಗೊತ್ತಾಗೋದು.

ಕೈದಿ ನಂಬರ್ ಸಿಕ್ರೆ ಜೋಪಾನ. ಅಂಡಮಾನಿನಲ್ಲಿ ಕೈದಿಗಳ ಕುತ್ತಿಗೇಲಿ ಒಂದು ಮರದ ಬಿಲ್ಲೆ ತೂಗ್ತಿತ್ತು, ಅದ್ರಲ್ಲಿ ನಂಬರ್, ಕಾನೂನಿನ ಸೆಕ್ಷನ್, ಶಿಕ್ಷೆ ಆದ ದಿನ ಕೆತ್ತಿರ್ತಿತ್ತು. ಹೆಸರು ಹತ್ತು ಥರ ಕೆಟ್ರೂ ನಂಬರ್ ಅಷ್ಟು ಬೇಗ ಕೆಡಲ್ಲ.

ಇನ್ನೊಂದು, ವಾಪಸ್ ಬರ್ಲಿಲ್ಲ ಅಂದ್ರೆ ಅಲ್ಲೇ ಜೈಲಲ್ಲಿ ತೀರಿಹೋದ್ರು ಅಂತ ಅಂದ್ಕೋಬೇಡಿ. ಕೆಲ ವರ್ಷ ನಡತೆ ಚೆನ್ನಾಗಿದ್ರೆ ಟಿಕೆಟ್ ಅನ್ನೋ ಪರವಾನಗಿ ಕೊಟ್ಟು ಹೊಲ ಮಾಡೋಕೆ, ಮದ್ವೆ ಆಗೋಕೆ ಬಿಡ್ತಿದ್ರು, ಅಂಥವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಆ ದ್ವೀಪದಲ್ಲಿದ್ದಾರೆ.

ದಾಖಲೆ ಸಿಕ್ಕ ಮೇಲೆ ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಊರು, ಇಸವಿ ಸಮೇತ ಆ ಹೆಸರನ್ನ ಅವರ ಪುಸ್ತಕದಲ್ಲೂ ಬರೆಸಿ.