ಇಂಗ್ಲಿಷ್ ಉಚ್ಚಾರಣೆ ಕಲಿಸಲು ಆನ್‌ಲೈನ್ ಸಾಧನಗಳು: ಮೊದಲು ಕಿವಿ, ಆಮೇಲೆ ನಾಲಿಗೆ

ಪಾವಗಡ ಅಥವಾ ಬಾಗೇಪಲ್ಲಿಯ ಪ್ರೌಢಶಾಲೆಯೊಂದರ ಎಂಟನೆಯ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಕೆಜಿಎಫ್ ಕಡೆಗೆ ಹೋದರೆ ಅವರ ಜೊತೆಗೆ ತಮಿಳು ಮಾತನಾಡುವವರೂ ಸೇರಿಕೊಳ್ಳುತ್ತಾರೆ. ಇವರೆಲ್ಲರ ಇಂಗ್ಲಿಷ್ ಉಚ್ಚಾರಣೆಯ ತೊಡಕು ಒಂದೇ ಬಗೆಯದಲ್ಲ. ಆದ್ದರಿಂದ ಯಾವುದೋ ಆ್ಯಪ್ ತೆರೆದು ಅದರ ಮೊದಲನೆಯ ಪಾಠದಿಂದ ಕೊನೆಯ ಪಾಠದವರೆಗೆ ತರಗತಿಯನ್ನು ನಡೆಸಿಕೊಂಡು ಹೋಗುವ ಕ್ರಮದಿಂದ ಹೆಚ್ಚಿನ ಪ್ರಯೋಜನವಾಗದು. ಇಂಗ್ಲಿಷಿನಲ್ಲಿ ಅಕ್ಷರಗಳು 26 ಇದ್ದರೂ ಬ್ರಿಟಿಷ್ ಉಚ್ಚಾರಣೆಯನ್ನು ಆಧರಿಸಿದ ಸಾಮಾನ್ಯ ಲೆಕ್ಕದಲ್ಲಿ ಧ್ವನಿಗಳು 44. ಅವುಗಳಲ್ಲಿ ನಮ್ಮ ಮಕ್ಕಳಿಗೆ ನಿಜವಾಗಿ ಕಷ್ಟ ಕೊಡುವವು ಕೆಲವೇ, ಅರ್ಥವನ್ನು ಕೆಡಿಸುವವು ಇನ್ನೂ ಕಡಿಮೆ. ಆ ಕೆಲವನ್ನು ಗುರುತಿಸಿ, ಮೊದಲು ಕಿವಿಗೆ ಹತ್ತಿಸಿ, ಅನಂತರ ನಾಲಿಗೆಗೆ ತರುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ತರಗತಿಯ ಪಟ್ಟಿ

ಮೊದಲನೆಯ ಕೆಲಸಕ್ಕೆ ಇಂಟರ್‌ನೆಟ್ ಬೇಕಿಲ್ಲ. ಪಠ್ಯಪುಸ್ತಕದ ನಾಲ್ಕೈದು ಸಾಲುಗಳನ್ನು ಪ್ರತಿ ವಿದ್ಯಾರ್ಥಿಯಿಂದ ಓದಿಸಿ, ಶಿಕ್ಷಕರು ತಮ್ಮ ಫೋನಿನ ರೆಕಾರ್ಡರಿನಲ್ಲಿ ಹಿಡಿದುಕೊಂಡು, ಬಿಡುವಿನಲ್ಲಿ ಕೇಳಿ, ಯಾವ ಧ್ವನಿ ಎಲ್ಲಿ ತಪ್ಪುತ್ತಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಭಾಗದಲ್ಲಿ ಈ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಅಂಶಗಳನ್ನು ಬಹುಮಟ್ಟಿಗೆ ಮುಂದಾಗಿಯೇ ಊಹಿಸಬಹುದು. ಕನ್ನಡ, ತೆಲುಗು ಎರಡೂ ಪದದ ಕೊನೆಯಲ್ಲಿ ಸ್ವರವನ್ನು ಬಯಸುವ ಭಾಷೆಗಳಾದ ಕಾರಣ ‘ಬುಕ್’ ಎಂಬುದು ಬುಕ್ಕು ಆಗುತ್ತದೆ, ‘ಬಸ್’ ಬಸ್ಸು ಆಗುತ್ತದೆ. ಪದದ ಆರಂಭದ ‘ಸ್ಕ’, ‘ಸ್ಟ’ಗಳ ಮುಂದೆ ಒಂದು ‘ಇ’ ಸೇರಿ ಸ್ಕೂಲ್ ಇಸ್ಕೂಲಾಗುತ್ತದೆ. ಆಗ ರಾಜ್ಯವೆಂಬ ಅರ್ಥದ ‘ಸ್ಟೇಟ್’ ಹಾಗೂ ತೋಟವೆಂಬ ಅರ್ಥದ ‘ಎಸ್ಟೇಟ್’ ಕೇಳುವವರಿಗೆ ಒಂದೇ ಆಗಿಬಿಡುತ್ತವೆ. ‘ಎಗ್’ ಎಂಬುದು ಯೆಗ್ ಆಗುವುದು, ‘ಓನ್ಲಿ’ ಎಂಬುದು ವೋನ್ಲಿ ಆಗುವುದು, ಕಿವಿಯನ್ನು ಹೇಳುವ ‘ಇಯರ್’ ಹಾಗೂ ವರ್ಷವನ್ನು ಹೇಳುವ ‘ಯಿಯರ್’ ಎರಡರ ನಡುವಿನ ಭೇದ ಅಳಿಸಿಹೋಗುವುದು ಇದೇ ಜಾತಿಯವು.

ಇವುಗಳಿಗಿಂತ ಗಟ್ಟಿಯಾದ ತೊಡಕುಗಳು ಎರಡು. ಇಂಗ್ಲಿಷಿನ ವಿ ಮತ್ತು ಡಬ್ಲ್ಯುಗಳಿಗೆ ನಾವು ಒಂದೇ ‘ವ’ವನ್ನು ಬಳಸುವುದರಿಂದ ಪಶುವೈದ್ಯರೂ ಒದ್ದೆಬಟ್ಟೆಯೂ ಒಂದೇ ‘ವೆಟ್’ ಆಗುತ್ತಾರೆ. ಝಡ್ ಅಕ್ಷರದ ಧ್ವನಿ ಕನ್ನಡದಲ್ಲಿ ಮೂಲತಃ ಇಲ್ಲವಾದ್ದರಿಂದ ಅದು ಒಮ್ಮೆ ‘ಜ’ ಆಗುತ್ತದೆ, ಇನ್ನೊಮ್ಮೆ ‘ಸ’ ಆಗುತ್ತದೆ. ಬೆಲೆ ಎಂಬರ್ಥದ ‘ಪ್ರೈಸ್’ ಮತ್ತು ಬಹುಮಾನವೆಂಬರ್ಥದ ‘ಪ್ರೈಜ಼್’ ಬೆರೆತುಹೋಗುತ್ತವೆ. ಇಲ್ಲಿ ಉರ್ದು ಮನೆಮಾತಿನ ಮಕ್ಕಳಿಗೆ ಒಂದು ಅನುಕೂಲವಿದೆ: ಅವರ ಭಾಷೆಯಲ್ಲಿ ಈ ಧ್ವನಿ ಮೊದಲೇ ಇದೆ. ಕನ್ನಡದವರು ಜಮೀನು ಎನ್ನುವುದನ್ನು ಅವರು ಜ಼ಮೀನ್ ಎನ್ನುವಾಗ ಹೊರಡುವ ಧ್ವನಿಯನ್ನೇ ಇಡೀ ತರಗತಿಗೆ ಮಾದರಿಯಾಗಿ ಕೇಳಿಸಬಹುದು. ಸಹಪಾಠಿಯೊಬ್ಬ ತೋರಿಸಿಕೊಟ್ಟದ್ದನ್ನು ಮಕ್ಕಳು ಯಾವ ಆ್ಯಪ್ ತೋರಿಸಿಕೊಟ್ಟದ್ದಕ್ಕಿಂತಲೂ ಬೇಗ ಹಿಡಿಯುತ್ತಾರೆ.

ಪಟ್ಟಿಯಿಂದ ಏನನ್ನು ಬಿಡಬೇಕೆಂಬುದೂ ಅಷ್ಟೇ ಮುಖ್ಯ. ಇಂಗ್ಲಿಷಿನ ಟಿ, ಡಿಗಳನ್ನು ನಾವು ನಮ್ಮ ‘ಟ’, ‘ಡ’ಗಳಿಂದಲೇ ನುಡಿಯುತ್ತೇವೆ, ಇದರಿಂದ ಅರ್ಥ ಕೆಡುವುದಿಲ್ಲ. ತೆಳುವಾದದ್ದೆಂಬ ಅರ್ಥದ ‘ಥಿನ್’ ಪದವನ್ನು ಹಲ್ಲಿಗೆ ನಾಲಿಗೆ ತಾಗಿಸಿ, ತವರವೆಂಬ ಅರ್ಥದ ‘ಟಿನ್’ ಪದವನ್ನು ನಾಲಿಗೆ ಮಡಚಿ ನುಡಿಯುವ ಕನ್ನಡದ ಮಗು ಆ ಎರಡನ್ನೂ ಎಂದಿಗೂ ಬೆರೆಸುವುದಿಲ್ಲ. ಇಂಥವನ್ನು ತಿದ್ದಲು ಹೊರಟು ಪೀರಿಯಡ್‌ಗಳನ್ನು ಕಳೆಯುವುದು ಅನಗತ್ಯ. ಲಂಡನ್ನಿನವರಂತೆ ಮಾತನಾಡಿಸುವುದು ನಮ್ಮ ಗುರಿಯಲ್ಲ. ನಾಳೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಸಂದರ್ಶನಕ್ಕೆ ಕುಳಿತಾಗ ಆಡಿದ ಮಾತು ಒಂದೇ ಸಲಕ್ಕೆ ತಿಳಿಯುವಂತಿದ್ದರೆ ಸಾಕು.

ಸಾಧನಗಳ ಆಯ್ಕೆ

ಎರಡು ಜಾಲತಾಣಗಳು ಮತ್ತು ಒಂದು ರೆಕಾರ್ಡರ್ ಇದ್ದರೆ ವರ್ಷವಿಡೀ ಪಾಠ ನಡೆಯುತ್ತದೆ. ಕೇಂಬ್ರಿಜ್ ಡಿಕ್ಷನರಿ ಅಥವಾ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ಜಾಲತಾಣದಲ್ಲಿ ಪದವನ್ನು ಹುಡುಕಿದರೆ ಅದರ ಪಕ್ಕದಲ್ಲಿ ಬ್ರಿಟಿಷ್ ಹಾಗೂ ಅಮೆರಿಕನ್ ಉಚ್ಚಾರಣೆಗೆ ಒಂದೊಂದು ಸ್ಪೀಕರ್ ಚಿಹ್ನೆ ಇರುತ್ತದೆ. ಅದನ್ನು ಒತ್ತಿದರೆ ಪದ ಕೇಳಿಸುತ್ತದೆ. ಎರಡನೆಯದು ಯೂಗ್ಲಿಷ್. ಇದರಲ್ಲಿ ಪದ ಅಥವಾ ಪದಗುಚ್ಛವನ್ನು ಬರೆದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಜನರು ಅದನ್ನು ನಿಜವಾಗಿ ಆಡಿದ ತುಣುಕುಗಳು ಒಂದಾದ ಮೇಲೊಂದರಂತೆ ಬರುತ್ತವೆ, ಯಾವ ದೇಶದ ಇಂಗ್ಲಿಷ್ ಬೇಕೆಂಬುದನ್ನೂ ಆರಿಸಿಕೊಳ್ಳಬಹುದು. ಆದರೆ ಆ ತುಣುಕುಗಳಲ್ಲಿ ಏನಿರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲದ ಕಾರಣ ಶಿಕ್ಷಕರು ಮೊದಲೇ ನೋಡಿ ಆರಿಸದೆ ಅದನ್ನು ತರಗತಿಯಲ್ಲಿ ನೇರವಾಗಿ ತೆರೆಯಬಾರದು. ಫೋರ್ವೋ ತಾಣದಲ್ಲಿ ಭಾರತೀಯರು ನುಡಿದ ಇಂಗ್ಲಿಷ್ ಪದಗಳೂ ಸಿಗುತ್ತವೆ. ಬಾಯಿ, ತುಟಿಗಳ ಚಲನೆಯನ್ನು ಹತ್ತಿರದಿಂದ ನೋಡಬೇಕಾದಾಗ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಉಚ್ಚಾರಣೆಯ ವಿಡಿಯೊಗಳು ಉಪಯುಕ್ತ.

ಬ್ರಿಟಿಷ್, ಅಮೆರಿಕನ್ ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ವರ್ಷದ ಕೊನೆಯವರೆಗೂ ಅದನ್ನೇ ಕೇಳಿಸುವುದು ಒಳ್ಳೆಯದು. ಬ್ರಿಟಿಷ್ ಧ್ವನಿಯನ್ನು ಆರಿಸಿಕೊಂಡರೆ ‘ಕಾರ್’, ‘ಟೀಚರ್’ ಪದಗಳ ಕೊನೆಯ ‘ರ್’ ಕೇಳಿಸುವುದಿಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು. ಅವರು ಅದನ್ನು ಉಚ್ಚರಿಸಿದರೆ ತಪ್ಪೇನಿಲ್ಲ, ಅಮೆರಿಕದವರೂ ಉಚ್ಚರಿಸುತ್ತಾರೆ.

ಕೇಳಿಸಿ ಗುರುತಿಸುವುದು

ಇಲ್ಲಿಯೇ ಹೆಚ್ಚಿನವರು ಆತುರಪಡುತ್ತಾರೆ. ಪದವನ್ನು ಒಮ್ಮೆ ಕೇಳಿಸಿ, ತಕ್ಷಣವೇ ‘ಎಲ್ಲರೂ ಹೇಳಿ’ ಎಂದರೆ ಐವತ್ತು ಮಕ್ಕಳ ಒಕ್ಕೊರಲಿನಲ್ಲಿ ಯಾರು ಏನು ಹೇಳಿದರೆಂಬುದು ತಿಳಿಯುವುದಿಲ್ಲ. ಕಿವಿಗೆ ಒಂದೇ ಆಗಿ ಕೇಳಿಸುವ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಆಡಿ ತೋರಿಸುವುದೂ ಅವರಿಂದ ಆಗುವುದಿಲ್ಲ. ಅದಕ್ಕೆ ಬದಲಾಗಿ ಬೆಲೆಯ ‘ಪ್ರೈಸ್’ ಒಂದನೆಯದು, ಬಹುಮಾನದ ‘ಪ್ರೈಜ಼್’ ಎರಡನೆಯದು ಎಂದು ಹಲಗೆಯ ಮೇಲೆ ಬರೆದು, ನಿಘಂಟಿನ ಧ್ವನಿಯನ್ನು ಸ್ಪೀಕರಿನಲ್ಲಿ ಹತ್ತು ಸಲ ಕ್ರಮ ತಪ್ಪಿಸಿ ಕೇಳಿಸಬೇಕು. ಮಕ್ಕಳು ಬಾಯಿ ತೆರೆಯದೆ ಪ್ರತಿ ಸಲವೂ ಒಂದು ಅಥವಾ ಎರಡು ಎಂದು ಪುಸ್ತಕದಲ್ಲಿ ಬರೆಯಬೇಕು. ತರಗತಿಯ ಹೆಚ್ಚಿನವರಿಗೆ ಹತ್ತರಲ್ಲಿ ಎಂಟು ಸರಿಯಾಗುವವರೆಗೂ ನುಡಿಸುವ ಹಂತಕ್ಕೆ ಹೋಗಬಾರದು. ಈ ಜೋಡಿಯಲ್ಲಿ ಕೊನೆಯ ಧ್ವನಿಯಲ್ಲದೆ ಅದರ ಹಿಂದಿನ ಸ್ವರವೂ ನೆರವಿಗೆ ಬರುತ್ತದೆ: ಬಹುಮಾನದ ಪದದಲ್ಲಿ ‘ಐ’ ತುಸು ದೀರ್ಘವಾಗಿ ಎಳೆಯುತ್ತದೆ, ಬೆಲೆಯ ಪದದಲ್ಲಿ ಚಿಕ್ಕದಾಗಿ ಮುಗಿಯುತ್ತದೆ. ಇದನ್ನು ಒಮ್ಮೆ ಹೇಳಿಕೊಟ್ಟರೆ ತಡವರಿಸುತ್ತಿದ್ದ ಮಕ್ಕಳೂ ಹಿಡಿಯುತ್ತಾರೆ.

ಕರೆಂಟ್ ಹೋದಾಗ, ನೆಟ್‌ವರ್ಕ್ ಸಿಗದಿದ್ದಾಗ ಪಾಠ ನಿಲ್ಲಬಾರದೆಂದರೆ ಬೇಕಾದ ಪದಗಳ ಧ್ವನಿಯನ್ನು ಹಿಂದಿನ ದಿನವೇ ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಸೌಲಭ್ಯದಿಂದ ಹಿಡಿದಿಟ್ಟು, ಚಾರ್ಜ್ ಮಾಡಿದ ಬ್ಲೂಟೂತ್ ಸ್ಪೀಕರನ್ನು ಜೊತೆಗೆ ಒಯ್ಯಬೇಕು.

ನುಡಿಸುವುದು

ವಿ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯುಗೆ ಹಲ್ಲು ತಾಗದೆ ತುಟಿಗಳು ದುಂಡಗಾಗಿ ಮುಂದೆ ಬರಬೇಕು. ಚಿಕ್ಕ ಕನ್ನಡಿಯಲ್ಲಿ ನೋಡಿಕೊಂಡರೆ ಮಗು ತಾನೇ ತಿದ್ದಿಕೊಳ್ಳಬಲ್ಲದು. ಝಡ್ ಧ್ವನಿಗೆ ‘ಸ್’ ಎಂದು ಉಸಿರು ಹೊರಬಿಡುತ್ತ, ಅದನ್ನು ನಿಲ್ಲಿಸದೆ, ಕುತ್ತಿಗೆಯ ಮೇಲೆ ಬೆರಳಿಟ್ಟುಕೊಂಡು ಅದಕ್ಕೆ ದನಿ ಸೇರಿಸಬೇಕು. ಬೆರಳಿಗೆ ನಡುಕ ತಾಗಿದರೆ ಧ್ವನಿ ಬಂದಂತೆ. ‘ಇಸ್ಟೇಟು’ ಎನ್ನುವವರಿಂದ ‘ಸ್’ ಮಾತ್ರವನ್ನು ಎರಡು ಸೆಕೆಂಡು ಎಳೆಸಿ, ಉಸಿರು ಕಡಿಯದೆ ‘ಟೇಟ್’ ಸೇರಿಸಿದರೆ ಆರಂಭದ ‘ಇ’ ತಾನಾಗಿ ಬಿದ್ದುಹೋಗುತ್ತದೆ.

ಬಿಡಿಪದಗಳಾದ ಮೇಲೆ ವಾಕ್ಯ. ಕೋಲಾರದ ಮಕ್ಕಳಿಗೆ ‘ದಿ ಪ್ರೈಸ್ ಆಫ್ ಟೊಮ್ಯಾಟೋಸ್ ರೋಸ್’, ಅಂದರೆ ಟೊಮೆಟೊ ಬೆಲೆ ಏರಿತು ಎಂಬ ವಾಕ್ಯ ಹೇಳಿ ಮಾಡಿಸಿದಂತಿದೆ. ನಾವು ಮೂರು ಕಡೆಯೂ ‘ಸ್’ ಎಂದು ಓದುವ ಈ ವಾಕ್ಯದಲ್ಲಿ ಬೆಲೆಯ ಪದ ಮಾತ್ರ ‘ಸ್’ನಿಂದ ಮುಗಿಯುತ್ತದೆ, ಉಳಿದೆರಡರ ಕೊನೆಯಲ್ಲಿರುವುದು ಜ಼್. ನಡುವಿನ ‘ಆಫ್’ ಬರವಣಿಗೆಯಲ್ಲಿ ಎಫ್ ಇದ್ದರೂ ಉಚ್ಚಾರಣೆಯಲ್ಲಿ ವಿ. ಬಹುವಚನದ ಎಸ್ ಹಾಗೂ ಭೂತಕಾಲದ ಇಡಿ ಪ್ರತ್ಯಯಗಳು ಹಿಂದಿನ ಧ್ವನಿಗೆ ತಕ್ಕಂತೆ ಬದಲಾಗುವುದನ್ನು ಇಲ್ಲಿಂದಲೇ ವಿಸ್ತರಿಸಬಹುದು: ನಡೆದನೆಂಬ ಅರ್ಥದ ‘ವಾಕ್ಟ್’ ಪದದ ಕೊನೆ ‘ಟ್’, ಆಡಿದನೆಂಬ ಅರ್ಥದ ‘ಪ್ಲೇಡ್’ ಪದದ ಕೊನೆ ‘ಡ್’, ಟಿ ಅಥವಾ ಡಿ ಧ್ವನಿಯಿಂದ ಮುಗಿಯುವ ಕ್ರಿಯಾಪದಗಳಿಗೆ ಮಾತ್ರ ‘ಇಡ್’.

ಒತ್ತು

ಧ್ವನಿಗಳಿಗೆ ಕೊಡುವ ಸಮಯದಷ್ಟನ್ನೇ ಒತ್ತಿಗೂ, ಅಂದರೆ ಪದದ ಒಂದು ಭಾಗವನ್ನು ಉಳಿದವುಗಳಿಗಿಂತ ಬಲವಾಗಿ ನುಡಿಯುವುದಕ್ಕೂ (ಸ್ಟ್ರೆಸ್), ಕೊಡಬೇಕು. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ನುಡಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಸ್ಥಾನ ತಪ್ಪಿದರೆ ಪ್ರತಿಯೊಂದು ಧ್ವನಿಯೂ ಸರಿಯಿದ್ದರೂ ಕೇಳುವವರು ಪದವನ್ನು ಗುರುತಿಸದೆ ಹೋಗಬಹುದು. ಹೋಟೆಲ್, ಪೊಲೀಸ್, ಕಮಿಟಿ, ಡೆವಲಪ್ ಈ ನಾಲ್ಕೂ ಪದಗಳಲ್ಲಿ ಒತ್ತು ಎರಡನೆಯ ಭಾಗದ ಮೇಲೆ ಬೀಳುತ್ತದೆ, ನಾವು ಸಾಮಾನ್ಯವಾಗಿ ಮೊದಲನೆಯದರ ಮೇಲೆ ಹಾಕುತ್ತೇವೆ. ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲಿಗೆ, ಕ್ರಿಯಾಪದವಾದಾಗ ಕೊನೆಗೆ. ಫೋಟೊಗ್ರಾಫ್, ಫೋಟೊಗ್ರಾಫರ್, ಫೋಟೊಗ್ರಾಫಿಕ್ ಮೂರರಲ್ಲೂ ಒತ್ತು ಕ್ರಮವಾಗಿ ಒಂದು, ಎರಡು, ಮೂರನೆಯ ಭಾಗಕ್ಕೆ ಸರಿಯುತ್ತದೆ. ಒತ್ತಿಲ್ಲದ ಭಾಗಗಳ ಸ್ವರ ಹಲವೆಡೆ ಕುಗ್ಗಿ ಸಣ್ಣ ‘ಅ’ದಂತಾಗುತ್ತದೆ.

ನಿಘಂಟಿನ ತಾಣದಲ್ಲಿ ಉಚ್ಚಾರಣೆಯ ಲಿಪಿಯ ನಡುವೆ ಮೇಲ್ಭಾಗದಲ್ಲಿ ಒಂದು ಚಿಕ್ಕ ಲಂಬ ಗೆರೆ ಇರುತ್ತದೆ; ಆ ಗೆರೆಯ ನಂತರ ಬರುವ ಭಾಗವೇ ಒತ್ತಿನದು. ಆ ಲಿಪಿಯ ಉಳಿದ ಚಿಹ್ನೆಗಳನ್ನೆಲ್ಲ ಪ್ರೌಢಶಾಲೆಯಲ್ಲಿ ಕಂಠಪಾಠ ಮಾಡಿಸಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಈ ಗೆರೆಯನ್ನು ಗುರುತಿಸಲು ಬಂದರೆ ಸಾಕು. ಪಾಠದ ಹೊಸ ಪದಗಳನ್ನು ಮಕ್ಕಳೇ ಹುಡುಕಿ, ಒತ್ತಿನ ಭಾಗದ ಅಡಿಯಲ್ಲಿ ಗೆರೆ ಎಳೆದು, ಆ ಭಾಗಕ್ಕೆ ಮಾತ್ರ ಬೆಂಚು ತಟ್ಟಿ ಓದಲಿ.

ಮನೆಯ ಅಭ್ಯಾಸ ಮತ್ತು ಯಂತ್ರದ ತೀರ್ಪು

ಮನೆಯಲ್ಲಿ ಹೆತ್ತವರ ಫೋನ್ ಸಂಜೆ ಸ್ವಲ್ಪ ಹೊತ್ತು ಸಿಗುವ ಮಕ್ಕಳು ನಿಘಂಟಿನ ಧ್ವನಿಯನ್ನು ಕೇಳಿ, ತಮ್ಮ ಧ್ವನಿಯನ್ನು ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೊಂದು ಕೇಳಿ ಹೋಲಿಸಿಕೊಳ್ಳಬೇಕು. ತೃಪ್ತಿಯಾದದ್ದನ್ನು ವಾಟ್ಸ್ಆ್ಯಪ್ ಧ್ವನಿ ಸಂದೇಶವಾಗಿ ಶಿಕ್ಷಕರಿಗೆ ಮಾತ್ರ ಕಳುಹಿಸಬೇಕು, ತರಗತಿಯ ಗುಂಪಿಗೆ ಹಾಕಬಾರದು. ಹತ್ತು ಜನ ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಫೋನ್ ಇಲ್ಲದವರಿಗೆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇಬ್ಬಿಬ್ಬರಂತೆ ಇದೇ ಅಭ್ಯಾಸಕ್ಕೆ ಸಮಯ ಕೊಡಬಹುದು. ಖಾತೆ ತೆರೆದು ಧ್ವನಿ ಕೊಡಬೇಕಾದ ಆ್ಯಪ್‌ಗಳನ್ನು ಬಳಸುವುದಾದರೆ ಪೋಷಕರ ಒಪ್ಪಿಗೆ ಪಡೆಯಬೇಕು; ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ.

ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಅಥವಾ ಫೋನಿನ ಕೀಲಿಮಣೆಯ ಮೈಕ್ ಒತ್ತಿ ಮಾತನಾಡಿ, ಪರದೆಯ ಮೇಲೆ ಏನು ಮೂಡುತ್ತದೆಂದು ನೋಡುವುದು ಮಕ್ಕಳಿಗೆ ಬಹಳ ಇಷ್ಟವಾಗುವ ಆಟ. ಆದರೆ ಇದನ್ನು ಪರೀಕ್ಷೆಯೆಂದು ಭಾವಿಸಿ ಅಂಕ ಕೊಡಬಾರದು. ಹಸುವನ್ನು ‘ವೆಟ್’ ಬಳಿಗೆ ಕರೆದೊಯ್ದೆ ಎಂಬ ಇಂಗ್ಲಿಷ್ ವಾಕ್ಯವನ್ನು ಡಬ್ಲ್ಯು ಧ್ವನಿಯಿಂದಲೇ ಹೇಳಿದರೂ ಯಂತ್ರ ಸುತ್ತಲಿನ ಪದಗಳಿಂದ ಊಹಿಸಿ ಪಶುವೈದ್ಯರ ಪದವನ್ನೇ ಮೂಡಿಸಬಹುದು. ಬಿಡಿಪದವನ್ನು ಹೇಳಿದರೆ, ಸರಿಯಾಗಿಯೇ ನುಡಿದ ಮಗುವಿಗೂ ಬೇರೆ ಪದ ಕಾಣಿಸಬಹುದು.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇದಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಒಂದು ಧ್ವನಿಜೋಡಿಗೆ ಎರಡು ವಾರ ಮೀಸಲಿಟ್ಟು, ಮೂರನೆಯ ವಾರ ಹೊಸ ಜೋಡಿಯನ್ನು ಆರಂಭಿಸುವ ಮೊದಲು ಹಳೆಯ ಜೋಡಿಯ ಹತ್ತು ಪದಗಳನ್ನು ಮತ್ತೆ ಕೇಳಿಸಿ, ಒಂದು ಅಥವಾ ಎರಡು ಎಂದು ಬರೆಸಬೇಕು. ಅಂಕ ಎಂಟಕ್ಕಿಂತ ಕೆಳಗಿಳಿದಿದ್ದರೆ ಹೊಸ ಜೋಡಿ ಇನ್ನೊಂದು ವಾರ ಕಾಯಲಿ.